ಬೆಲ್ಮಾರ ಯುರೋಪಿಗೆ ಹೋದ ವರ್ಷ

ಹೋದ ತಿಂಗಳು ಗೆಳತಿ ಸ್ಟೆಲ್ಲಾಳ ಮಗಳ ಮೊದಲ ಹುಟ್ಟುಹಬ್ಬಕ್ಕೆಂದು ಪರ್ತ್‌ನಿಂದ ಬ್ರಿಸ್ಬೇನ್‌ಗೆ ಹೋಗಿದ್ದೆ. ಮಾರನೆಯ ಬೆಳಿಗ್ಗೆ ಮನೆಯವರೆಲ್ಲ ಇನ್ನೂ ಮಲಗಿದ್ದಾಗ ಅವಳ ಕಾರು ತೆಗೆದುಕೊಂಡು ಸುಮ್ಮನೆ ಹೊರಟವಳು ಫಾರೆಸ್ಟ್ ಲೇಕ್‌ನಲ್ಲಿ ಬಂದು ನಿಂತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಕೆರೆಯಂಚಿನ ದಾರಿಯಲ್ಲಿ ಬಾತುಗಳು ಯಾರಿಗೂ ಹೆದರದೆ ಅಡ್ಡ ಬರುತ್ತಿದ್ದವು. ನಾನು ವಿದ್ಯಾರ್ಥಿಯಾಗಿದ್ದಾಗ ಕೆಲಸ ಮಾಡುತ್ತಿದ್ದ ವೃದ್ಧರ ಹೋಮ್ ಅಲ್ಲೇ ಇತ್ತು, ಗೋಡೆಯ ಬಣ್ಣ ಮಾತ್ರ ಬದಲಾಗಿತ್ತು. ಅದರ ಅಡುಗೆಮನೆಯ ಕಿಟಕಿಯಿಂದ ಸೀದ ಟೋಸ್ಟಿನ ವಾಸನೆ ಬಂತು, ಹಿಂದೆಯೇ ನೆಲ ಒರೆಸುವ ನೀಲಗಿರಿ ಎಣ್ಣೆಯ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದಿದ್ದೇ ತಡ, ಯಾರೋ ಕೈ ಹಿಡಿದು ಎಳೆದ ಹಾಗೆ ಆ ವರ್ಷಕ್ಕೆ ಹೋಗಿಬಿಟ್ಟೆ. ಸ್ಪೇನ್ ದೇಶದ ಒಂದು ಸಣ್ಣ ಊರಿನ ಫುಟ್‌ಬಾಲ್ ತಂಡಕ್ಕಾಗಿ ನಾನು, ಪಾಂಡವಪುರದ ಚೈತ್ರಾ, ಬೆಳಗಿನ ಐದು ಗಂಟೆಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ ವರ್ಷ.

ಆಗ ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ಬ್ರಿಸ್ಬೇನ್‌ನ ರನ್‌ಕಾರ್ನ್ ಬಡಾವಣೆಯ ಒಂದು ಹಳೆಯ ಮನೆಯಲ್ಲಿ ಸ್ಟೆಲ್ಲಾ ಮತ್ತು ನಾನು ಒಂದು ಕೋಣೆ ಹಂಚಿಕೊಂಡಿದ್ದೆವು. ಸ್ಟೆಲ್ಲಾ ಬೆಂಗಳೂರಿನ ಆಸ್ಟಿನ್ ಟೌನ್‌ನವಳು. ಅಲ್ಲಿ ಮಕ್ಕಳು ನಡೆಯುವ ಮೊದಲೇ ಚೆಂಡು ಒದೀತಾರೆ ಅಂತ ಅವಳೇ ಹೇಳೋಳು. ಕಾಲೇಜ್ ತಂಡದಲ್ಲಿ ಡಿಫೆಂಡರ್ ಆಗಿ ಆಡಿದ್ದಳು. ನನಗೋ ಫುಟ್‌ಬಾಲ್ ಎಂದರೆ ಇಪ್ಪತ್ತೆರಡು ಜನ, ಒಂದು ಚೆಂಡು, ಅಷ್ಟೇ. ವಾರಕ್ಕೆ ಮೂರು ದಿನ ಹೋಮ್‌ನಲ್ಲಿ ನನಗೆ ರಾತ್ರಿಪಾಳಿ, ಬೆಳಿಗ್ಗೆ ಏಳಕ್ಕೆ ಮುಗಿಯುವಂಥದ್ದು.

ಆ ಹೋಮ್‌ನ ಹನ್ನೊಂದನೇ ಕೋಣೆಯಲ್ಲಿ ಮಟೇಯೊ ಇದ್ದರು. ವಯಸ್ಸು ಎಂಬತ್ತೈದರ ಆಸುಪಾಸು. ಎತ್ತರದ ಆಳು, ಮೂಳೆ ದಪ್ಪ, ಮಾಂಸ ಎಲ್ಲ ಇಳಿದುಹೋಗಿತ್ತು. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಎರಡೂ ಸೋತಿದ್ದವು. ಮಾತೂ ಹೋಗಿತ್ತು. ಇಂಗ್ಲಿಷ್ ಪೂರ್ತಿ ಅಳಿಸಿಹೋಗಿ, ಅವರ ಸ್ಪ್ಯಾನಿಷ್‌ನಲ್ಲೂ ನಾಲ್ಕೈದು ಪದ ಮಾತ್ರ ಉಳಿದಿದ್ದವು. ಹೌದು ಅನ್ನಲು ‘ಸಿ’, ಬೇಡ ಅನ್ನಲು ‘ನೋ’, ಮತ್ತೆ ನಮ್ಮನ್ನೆಲ್ಲ ಕರೆಯಲು ‘ಇಹಾ’, ಅಂದರೆ ಮಗಳೇ. ಫೈಲಿನಲ್ಲಿ ‘ಮಾತಿಲ್ಲ, ಗೊಂದಲವಿದೆ’ ಎಂದು ಬರೆದಿತ್ತು.

ನಾನು ಅವರನ್ನು ಗಮನಿಸಿದ್ದು ಒಂದು ಸ್ನಾನದ ಹೊತ್ತಿನಲ್ಲಿ. ತೋಳಿನ ಮೇಲೆ ಬೆಳ್ಳಗಿನ ಸಣ್ಣ ಸಣ್ಣ ಗೀರುಗಳು, ಮೊಣಕೈಯಿಂದ ಮಣಿಕಟ್ಟಿನವರೆಗೆ ನೂರಾರು. ನನ್ನ ಜೊತೆಗಿದ್ದವಳು ಯಾವುದೋ ಚರ್ಮರೋಗ ಎಂದುಕೊಂಡಿದ್ದಳು. ನನಗೆ ನೋಡಿದ ತಕ್ಷಣ ಗೊತ್ತಾಯಿತು. ನಮ್ಮ ತಾತನ ತೋಳೂ ಹಾಗೇ ಇತ್ತು. ಕಬ್ಬಿನ ಸೋಗೆ ಗೀರಿದ ಗುರುತುಗಳು ಅವು. ನಾನು ಅವರ ತೋಳು ಮುಟ್ಟಿ, ಬಗ್ಗಿ, ಬುಡಕ್ಕೆ ಮಚ್ಚು ಬೀಸಿ ಕಬ್ಬು ಕಡಿಯುವ ಹಾಗೆ ಮಾಡಿ ತೋರಿಸಿದೆ. ಆಮೇಲೆ ತುದಿಯ ಸೋಗೆ ಕೊಚ್ಚಿ ಪಕ್ಕಕ್ಕೆ ಎಸೆಯುವ ಹಾಗೆ. ಅವರು ನನ್ನನ್ನೇ ನೋಡುತ್ತಾ ಇದ್ದರು. ನಂತರ ಎಡಗೈ ಎತ್ತಿ ನನ್ನ ಭುಜ ತಿದ್ದಿದರು. ಇನ್ನೂ ಕೆಳಗೆ ಬಗ್ಗಬೇಕು, ಅಂತ. ಇಬ್ಬರೂ ನಕ್ಕುಬಿಟ್ಟೆವು. ಅವತ್ತಿನಿಂದ ನಾನು ಅವರನ್ನು ತಾತ ಎಂದೇ ಕರೆದೆ. ಆಮೇಲೆ ವಿಚಾರಿಸಿದಾಗ ತಿಳಿಯಿತು. ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿ ಕ್ವೀನ್ಸ್‌ಲ್ಯಾಂಡಿನ ಉತ್ತರದ ಕಬ್ಬಿನ ಊರುಗಳಿಗೆ ಬಂದವರಂತೆ, ಜೀವಮಾನವೆಲ್ಲ ಅಲ್ಲೇ ಕಬ್ಬು ಕಡಿದವರಂತೆ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಎಲೆನಾ, ಅಡಿಲೇಡ್‌ನಲ್ಲಿ ಶಾಲಾ ಶಿಕ್ಷಕಿ. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದಳು, ಬಂದದ್ದು ಕಡಿಮೆ.

ಆಗಸ್ಟ್ ಕಳೆಯುವ ಹೊತ್ತಿಗೆ ಒಂದು ತೊಂದರೆ ಶುರುವಾಯಿತು. ಮಟೇಯೊ ತಾತ ಬೆಳಗಿನ ಜಾವ ಎದ್ದು, ಎಡಗೈಯಲ್ಲಿ ವಾಕರ್ ಎಳೆದುಕೊಂಡು, ಕೋಣೆಯಿಂದ ಹೊರಗೆ ಹೊರಡತೊಡಗಿದರು. ಒಮ್ಮೆ ಕಾರಿಡಾರಿನಲ್ಲಿ ಬಿದ್ದರು. ತಡೆದರೆ ಕೂಗುತ್ತಿದ್ದರು, ಎಡಗೈ ಬೀಸುತ್ತಿದ್ದರು. ಬೆಳಗಿನ ಪಾಳಿಯ ಮೇಲ್ವಿಚಾರಕಿ ಡೆಬ್ಬಿ ಒಳ್ಳೆಯ ಹೆಂಗಸು, ಆದರೆ ಮೂವತ್ತು ಜನರನ್ನು ನೋಡಿಕೊಳ್ಳಬೇಕಾದವಳು. ಅವಳು ಒಂದು ದಿನ ನನ್ನನ್ನು ಕರೆದು ಹೇಳಿದಳು.

“ಅವರನ್ನು ಹಿಂದಿನ ವಿಂಗ್‌ಗೆ ಕಳಿಸಬೇಕಾಗುತ್ತೆ, ಚೈತ್ರಾ. ಮಗಳಿಗೆ ಪೇಪರ್ ಕಳಿಸ್ತಿದ್ದೀನಿ. ಇನ್ನೊಂದು ಸಲ ಬಿದ್ದರೆ ಸೊಂಟ ಮುರಿಯುತ್ತೆ.”

ಹಿಂದಿನ ವಿಂಗ್ ಎಂದರೆ ಬೀಗ ಹಾಕಿದ ಬಾಗಿಲಿನ ವಿಭಾಗ. ಮರೆವಿನ ಕಾಯಿಲೆ ಮುಂದುವರಿದು ತಾವೆಲ್ಲಿದ್ದೇವೆ ಎನ್ನುವುದೂ ತಿಳಿಯದವರನ್ನು ಅಲ್ಲಿ ಇಡುತ್ತಿದ್ದರು. ಅಲ್ಲಿಗೆ ಹೋದವರು ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಕಬ್ಬು ಕಡಿಯುವಾಗ ಎಷ್ಟು ಬಗ್ಗಬೇಕು ಎಂದು ನನ್ನ ಭುಜ ತಿದ್ದಿದ ಮನುಷ್ಯನಿಗೆ ಗೊಂದಲವಿದೆ ಎನ್ನುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ.

ಆ ದಿನ ಅವರ ಹಾಸಿಗೆ ಸರಿಮಾಡುವಾಗ ಗೋಡೆಯ ಕ್ಯಾಲೆಂಡರ್ ನೋಡಿದೆ. ದಿನಾ ನೋಡುತ್ತಿದ್ದದ್ದೇ, ಅವತ್ತು ಸರಿಯಾಗಿ ನೋಡಿದೆ. ಎಲ್ಲ ಸ್ಪ್ಯಾನಿಷ್‌ನಲ್ಲಿ. ಮೇಲೆ ಹಸಿರು ಬಿಳುಪಿನ ಅಂಗಿ ತೊಟ್ಟ ಆಟಗಾರರು. ಕೆಲವು ತಾರೀಕುಗಳ ಮೇಲೆ ಪೆನ್ಸಿಲಿನ ಸೊಟ್ಟ ವೃತ್ತಗಳು. ಎಡಗೈಯಲ್ಲಿ ಹಾಕಿದವು ಎಂದು ನೋಡಿದರೇ ತಿಳಿಯುತ್ತಿತ್ತು. ಎಲ್ಲರೂ ಅದನ್ನು ಗೀಚಾಟ ಎಂದುಕೊಂಡಿದ್ದರು. ಒಂದು ಫೋಟೋ ತೆಗೆದು ಸ್ಟೆಲ್ಲಾಗೆ ಕಳಿಸಿದೆ. ನಿಮಿಷದೊಳಗೆ ಅವಳ ಕಾಲ್ ಬಂತು.

“ಲೇ, ಇದು ಬೆಲ್ಮಾರ ಕಣೇ! ಎಲ್ಲಿ ಸಿಕ್ತು ನಿಂಗೆ?”

“ಹಂಗಂದ್ರೆ?”

“ಸ್ಪೇನ್‌ದು, ಸಮುದ್ರದ ದಡದಲ್ಲಿರೋ ಪುಟ್ಟ ಊರು. ಮೀನುಗಾರರ ಊರು. ಹೋದ ವರ್ಷ ಅವರ ದೇಶದ ಕಪ್ ಗೆದ್ದುಬಿಟ್ರು, ಯಾರೂ ನಂಬಲಿಲ್ಲ. ಅದಕ್ಕೇ ಈ ವರ್ಷ ಮೊದಲನೇ ಸಲ ಯುರೋಪ್ ಟೂರ್ನಮೆಂಟಲ್ಲಿ ಆಡ್ತಿದಾರೆ. ಆ ವೃತ್ತ ಎಲ್ಲಾ ಮ್ಯಾಚ್ ಇರೋ ದಿನ ಕಣೇ. ಅಲ್ಲಿ ರಾತ್ರಿ ಒಂಬತ್ತಕ್ಕೆ ಅಂದ್ರೆ ನಮಗೆ ಬೆಳಿಗ್ಗೆ ಐದು.”

ನಾನು ಫೋನಿಟ್ಟು ಘಟನೆಗಳ ಪುಸ್ತಕ ತೆಗೆದು ನೋಡಿದೆ. ಮಟೇಯೊ ತಾತ ಎದ್ದು ಹೊರಟ ಒಂದೊಂದು ಬೆಳಗೂ ಕ್ಯಾಲೆಂಡರಿನ ವೃತ್ತಕ್ಕೆ ಸರಿಯಾಗಿ ಹೊಂದುತ್ತಿತ್ತು, ಒಂದೂ ತಪ್ಪಿರಲಿಲ್ಲ. ಆ ಮನುಷ್ಯ ಅಲೆಯುತ್ತಿರಲಿಲ್ಲ. ಹಾಲ್‌ನ ಟಿವಿಯ ಹತ್ತಿರ ಹೋಗುತ್ತಿದ್ದರು. ನಾವು ಪ್ರತಿ ಸಲವೂ ಅವರನ್ನು ಅರ್ಧ ದಾರಿಯಲ್ಲಿ ಹಿಡಿದು ಹಾಸಿಗೆಗೆ ವಾಪಸ್ ಹಾಕುತ್ತಿದ್ದೆವು.

ಯುರೋಪಿನ ಮೊದಲ ಪಂದ್ಯ ಸೆಪ್ಟೆಂಬರಿನ ಒಂದು ಶುಕ್ರವಾರ ಬೆಳಗಿನ ಐದಕ್ಕೆ ಇತ್ತು. ನಾಲ್ಕೂವರೆಗೆ ನಾನೇ ಅವರ ಕೋಣೆಗೆ ಹೋದೆ. ಆಗಲೇ ಎದ್ದು ಕೂತು, ಎಡಗೈಯೊಂದರಲ್ಲೇ ಶರ್ಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ಗುಂಡಿ ಹಾಕಿ, “ಬನ್ನಿ ತಾತ, ಬೆಲ್ಮಾರ” ಎಂದೆ. ಆ ಹೆಸರು ಕೇಳಿದ್ದೇ ಅವರ ಮುಖ ನೋಡಬೇಕಿತ್ತು. ನನ್ನ ಕೈ ಹಿಡಿದವರು ಹಾಲ್ ತಲುಪುವವರೆಗೆ ಬಿಡಲಿಲ್ಲ.

ಸ್ಟೆಲ್ಲಾಳ ಆ್ಯಪ್‌ನಿಂದ ಟಿವಿಗೆ ಹಾಕಿದೆ. ಪರದೆ ಬೆಳಗಿತು. ಸಣ್ಣ ಮೈದಾನ, ಒಂದು ಬದಿಯ ಗ್ಯಾಲರಿಯ ಹಿಂದೆ ದೋಣಿಗಳ ಕಂಬಗಳು ಕಾಣುತ್ತಿದ್ದವು. ಜರ್ಮನಿಯ ದೊಡ್ಡ ತಂಡವೊಂದು ಬಂದಿತ್ತು. ಆಟಗಾರರು ಸಾಲಾಗಿ ನಿಂತರು. ಆಗ ಊರಿಗೆ ಊರೇ ಎದ್ದು ನಿಂತು ಹಾಡತೊಡಗಿತು. ವಾದ್ಯವಿಲ್ಲ, ಮೈಕಿಲ್ಲ, ಸಾವಿರಾರು ಗಂಟಲು ಅಷ್ಟೇ. ನನ್ನ ಪಕ್ಕದಿಂದಲೂ ಒಂದು ದನಿ ಬಂತು. ತಿರುಗಿ ನೋಡಿದೆ. ಮಟೇಯೊ ತಾತ ಹಾಡುತ್ತಿದ್ದರು. ತೊದಲಿಲ್ಲ, ತಡವರಿಕೆಯಿಲ್ಲ. ಒಂದು ವರ್ಷದಿಂದ ನಾಲ್ಕು ಪದ ದಾಟದ ಬಾಯಿಂದ ಸಾಲು ಸಾಲಾಗಿ ಪೂರ್ತಿ ಮಾತುಗಳು ಬರುತ್ತಿದ್ದವು.

ಮಾತು ಕಳೆದುಕೊಂಡವರಲ್ಲೂ ಹಾಡು ಕೆಲವು ಸಲ ಉಳಿದಿರುತ್ತದೆ, ಮೆದುಳಿನಲ್ಲಿ ಅದಕ್ಕೆ ಬೇರೆ ದಾರಿಯಿದೆ ಎಂದು ಕ್ಲಾಸಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣೆದುರು ಅದು ನಡೆಯುವಾಗ ಓದಿದ್ದು ಯಾವುದೂ ನೆನಪಿಗೆ ಬರಲಿಲ್ಲ.

ಬೆಲ್ಮಾರ ಒಂದು ಗೋಲಿನಿಂದ ಗೆದ್ದಿತು. ಪಂದ್ಯ ಮುಗಿಯುವಾಗ ಹೊರಗೆ ಪೂರ್ತಿ ಬೆಳಕಾಗಿತ್ತು, ಡೆಬ್ಬಿ ಕೆಲಸಕ್ಕೆ ಬಂದಿದ್ದಳು. ಟಿವಿಯಲ್ಲಿ ಜನ ಮತ್ತೆ ಹಾಡತೊಡಗಿದರು, ತಾತನೂ ಹಾಡಿದರು. ಡೆಬ್ಬಿ ಬಾಗಿಲಲ್ಲೇ ನಿಂತಳು, ಕೈಯಲ್ಲಿ ಕಾಫಿ ಕಪ್ಪು ಹಾಗೇ ಇತ್ತು. ಆಮೇಲೆ ಆಫೀಸಿಗೆ ಹೋಗಿ, ಕಾರ್ಡ್‌ಲೆಸ್ ಫೋನ್ ತಂದು, ಅಡಿಲೇಡ್‌ಗೆ ನಂಬರ್ ಒತ್ತಿದಳು.

“ಎಲೆನಾ? ಹೆದರಬೇಡ, ಏನೂ ಆಗಿಲ್ಲ. ಸುಮ್ಮನೆ ಕೇಳು.”

ಫೋನನ್ನು ತಾತನ ಬಾಯಿಯ ಹತ್ತಿರ ಹಿಡಿದಳು. ಹಾಡು ಮುಗಿಯುವವರೆಗೂ ಹಿಡಿದೇ ಇದ್ದಳು. ಫೋನ್ ವಾಪಸ್ ಕಿವಿಗಿಟ್ಟುಕೊಂಡಾಗ ಆ ಕಡೆಯಿಂದ ಅಳುವಿನ ಸದ್ದೊಂದೇ ಕೇಳುತ್ತಿತ್ತಂತೆ. ಹಿಂದಿನ ವಿಂಗ್‌ನ ಪೇಪರಿಗೆ ಎಲೆನಾ ಸಹಿ ಹಾಕಲಿಲ್ಲ. ಹದಿನೈದು ದಿನದಲ್ಲಿ ಮಾತಿನ ಚಿಕಿತ್ಸೆಯವರು ಬಂದು ಪರೀಕ್ಷಿಸಿ, ಇವರಿಗೆ ಎಲ್ಲ ಅರ್ಥವಾಗುತ್ತದೆ, ಹೇಳಲು ಮಾತ್ರ ಆಗುವುದಿಲ್ಲ ಎಂದು ಬರೆದುಕೊಟ್ಟರು. ಡೆಬ್ಬಿ ತನ್ನ ಕೈಯಾರೆ ಫೈಲಿನ ಹಳೆಯ ಸಾಲು ಹೊಡೆದುಹಾಕಿದಳು. ಮ್ಯಾಚ್ ಇರುವ ಬೆಳಗು ಹನ್ನೊಂದನೇ ಕೋಣೆಯವರನ್ನು ಎಬ್ಬಿಸಿ ಹಾಲ್‌ಗೆ ಕರೆತರಬೇಕು ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು.

ಅಲ್ಲಿಂದ ನಮ್ಮ ಋತು ಶುರುವಾಯಿತು. ಆಫ್‌ಸೈಡ್ ಎಂದರೇನು ಎಂದು ಸ್ಟೆಲ್ಲಾ ಮನೆಯ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ, ಶೂಗಳನ್ನೆಲ್ಲ ಜೋಡಿಸಿ ಕಲಿಸಿದಳು. ನನಗೆ ಅರ್ಥವಾದದ್ದು ಮೂರನೇ ವಾರದಲ್ಲಿ. ತಾತ ಎಡಗೈ ಬೆರಳುಗಳಲ್ಲಿ ಮೇಜಿನ ಮೇಲೆ ಆಟಗಾರರ ಓಟ ತೋರಿಸುತ್ತಿದ್ದರು. ಯಾರು ಯಾವ ಕಡೆ ಜಾಗ ಬಿಟ್ಟ, ಯಾರು ಮೊದಲೇ ಓಡಬೇಕಿತ್ತು, ಎಲ್ಲ. ಒಂದು ಭಾಷೆಯೂ ನಮ್ಮಿಬ್ಬರ ನಡುವೆ ಇರಲಿಲ್ಲ, ಆದರೂ ಅಷ್ಟು ಹೊತ್ತು ಮಾತಾಡಿದ ನೆನಪು ನನಗೆ ಬೇರೆ ಯಾರ ಜೊತೆಯೂ ಇಲ್ಲ. ಭಾನುವಾರ ಊರಿಗೆ ಫೋನ್ ಮಾಡಿದರೆ ಅಮ್ಮ ಊಟ ಆಯ್ತಾ ಎಂದು ಕೇಳುವ ಮೊದಲೇ, “ನಿಮ್ಮ ತಾತನ ಊರಿನೋರು ಗೆದ್ರಾ?” ಅನ್ನೋರು.

ಆ ತಂಡ ಯುರೋಪಿನಲ್ಲಿ ಗೆಲ್ಲುತ್ತಾ ಹೋಯಿತು. ಹೇಗೆ ಎಂದು ಯಾರಿಗೂ ಅರ್ಥವಾಗಲಿಲ್ಲ. ಇಟಲಿಯ ತಂಡವನ್ನು ಅದರ ಊರಲ್ಲೇ ಸೋಲಿಸಿದರು. ಆದರೆ ಹದಿನೈದೇ ಒಳ್ಳೆಯ ಆಟಗಾರರಿದ್ದ ತಂಡ ಅದು. ವಾರದ ನಡುವೆ ಯುರೋಪಿನಲ್ಲಿ ಜೀವ ಬಿಟ್ಟು ಆಡಿದವರಿಗೆ ವಾರದ ಕೊನೆಗೆ ಸ್ವಂತ ದೇಶದ ಲೀಗಿನಲ್ಲಿ ಕಾಲೇ ಏಳುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ನಾವು ಕುಣಿಯುವುದು, ಸೋಮವಾರ ಬೆಳಿಗ್ಗೆ ತಲೆ ತಗ್ಗಿಸಿ ಕೂರುವುದು. ಜನವರಿಯಲ್ಲಿ, ಬ್ರಿಸ್ಬೇನ್‌ನ ಸೆಖೆಗೆ ಬೆಳಗಿನ ಐದಕ್ಕೇ ಬೆವರು ಇಳಿಯುತ್ತಿದ್ದಾಗ, ಅಲ್ಲಿ ಕೆಸರು ತುಂಬಿದ ಚಳಿಯ ಮೈದಾನವೊಂದರಲ್ಲಿ ಮೂರನೇ ದರ್ಜೆಯ ತಂಡದ ಎದುರು ಸೋತು, ಹೋದ ವರ್ಷ ತಾವೇ ಗೆದ್ದಿದ್ದ ಕಪ್ಪಿನಿಂದ ಹೊರಬಿದ್ದರು. ಲೀಗಿನ ಪಟ್ಟಿಯಲ್ಲಿ ಕೊನೆಯ ಮೂರರೊಳಗೆ ಜಾರಿದರು. ಹಾಗೇ ಮುಗಿಸಿದರೆ ಮುಂದಿನ ವರ್ಷ ಎರಡನೇ ದರ್ಜೆಗೆ ಇಳಿಯಬೇಕು.

ಫೆಬ್ರುವರಿಯಲ್ಲಿ ತಾತನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಆ ಹತ್ತು ದಿನ ನಾನು ಕಾಲೇಜಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದೆ. ಆಮ್ಲಜನಕದ ನಳಿಗೆ ಮೂಗಿನಲ್ಲಿಟ್ಟುಕೊಂಡೇ ಹುಬ್ಬು ಎತ್ತಿ ಕೇಳುತ್ತಿದ್ದರು, ಏನಾಯಿತು ಎಂದು. ಆ ದಿನಗಳಲ್ಲಿ ಆಡಿದ ಎರಡು ಪಂದ್ಯವನ್ನೂ ಬೆಲ್ಮಾರ ಸೋತಿತ್ತು. ಸುಳ್ಳು ಹೇಳೋಣ ಅನ್ನಿಸಿತು, ಹೇಳಲಾಗಲಿಲ್ಲ. ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದೆ. ಅವರು ಕಣ್ಣು ಮುಚ್ಚಿ, ನನ್ನ ಕೈ ಮೇಲೆ ಎರಡು ಸಲ ತಟ್ಟಿದರು. ಸಮಾಧಾನ ನನಗೆ!

ಮಾರ್ಚ್‌ನಲ್ಲಿ ಅವರು ಹೋಮ್‌ಗೆ ಮರಳಿದ ವಾರವೇ ಬಿರುಗಾಳಿ ಬಂತು. ಇಡೀ ಒಂದು ದಿನ ಗಾಳಿ, ಮಳೆ. ಮರಗಳು ಬಿದ್ದು ಫಾರೆಸ್ಟ್ ಲೇಕ್‌ನ ಅರ್ಧ ಬೀದಿಗಳಿಗೆ ಕರೆಂಟ್ ಇರಲಿಲ್ಲ. ಹೋಮ್‌ನ ಜನರೇಟರ್ ದೀಪಕ್ಕೆ, ಆಮ್ಲಜನಕದ ಯಂತ್ರಗಳಿಗೆ ಮಾತ್ರ ಸಾಕಾಗುತ್ತಿತ್ತು. ಟಿವಿ ಸತ್ತಿತ್ತು. ಅವತ್ತೇ, ಅಲ್ಲಿಯ ಚಳಿಗಾಲದ ಗಡಿಯಾರದಂತೆ ನಮಗೆ ಬೆಳಿಗ್ಗೆ ಆರಕ್ಕೆ, ಯುರೋಪಿನ ನಾಕೌಟ್ ಪಂದ್ಯ, ಸೋತವರು ಮನೆಗೆ. ನನ್ನ ಮೊಬೈಲಿನಲ್ಲಿ ಚಿತ್ರ ಬರುವಷ್ಟು ನೆಟ್‌ವರ್ಕ್ ಇರಲಿಲ್ಲ, ಬೆಲ್ಮಾರದ ಊರಿನ ರೇಡಿಯೊ ಒಂದು ಹೇಗೋ ಹಿಡಿಯಿತು. ಎಲ್ಲ ಸ್ಪ್ಯಾನಿಷ್. ಫೋನನ್ನು ಒಂದು ಖಾಲಿ ಪಾತ್ರೆಯೊಳಗೆ ಇಟ್ಟೆ, ಸದ್ದು ದೊಡ್ಡದಾಗಲಿ ಎಂದು. ಬಿರುಗಾಳಿಗೆ ನಿದ್ದೆಗೆಟ್ಟಿದ್ದ ಮುದುಕ ಮುದುಕಿಯರೆಲ್ಲ ಗಾಲಿಕುರ್ಚಿ ತಳ್ಳಿಕೊಂಡು ಬಂದು ಸುತ್ತ ಕೂತರು.

ನಮಗೆ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ನಾವೆಲ್ಲ ತಾತನ ಮುಖ ನೋಡುತ್ತಿದ್ದೆವು. ಆ ಮುಖದಲ್ಲೇ ಪಂದ್ಯ ನಡೆಯುತ್ತಿತ್ತು. ಚೆಂಡು ಬೆಲ್ಮಾರದ ಗೋಲಿನ ಹತ್ತಿರ ಬಂದರೆ ದವಡೆ ಬಿಗಿಯುವುದು, ದೂರ ಹೋದರೆ ಸಡಿಲವಾಗುವುದು. ಎರಡು ಗಂಟೆ ಕಳೆದರೂ ಸಮಸಮ. ಪೆನಾಲ್ಟಿ ಒದೆತಗಳಿಗೆ ಹೋಯಿತು. ಒಂದೊಂದು ಒದೆತಕ್ಕೂ ಮೊದಲು ರೇಡಿಯೊದವನು ದನಿ ಇಳಿಸುತ್ತಿದ್ದ, ಗಾಳಿ ಕಿಟಕಿಗೆ ಬಡಿಯುವುದು ಮಾತ್ರ ಕೇಳಿಸುತ್ತಿತ್ತು. ತಾತ ನನ್ನ ಮಣಿಕಟ್ಟು ಹಿಡಿದಿದ್ದರು. ಬೆಲ್ಮಾರ ಗೋಲು ಹೊಡೆದರೆ ಒಂದು ಸಲ ಒತ್ತುವುದು. ಐದು ಸಲವೂ ಒತ್ತಿದರು. ಕೈ ಹಾಗೇ ಗಟ್ಟಿಯಾಗಿತ್ತು. ಎದುರಾಳಿಯ ಕೊನೆಯ ಒದೆತ, ಅದು ಗೋಲಾಗದಿದ್ದರೆ ಗೆಲುವು ನಮ್ಮದು. ರೇಡಿಯೊದವನು ಕಿರುಚಿದ. ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನಾವೆಲ್ಲ ತಾತನನ್ನೇ ನೋಡಿದೆವು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಆಮೇಲೆ ಬಾಯಿ ಅರಳಿತು. ಬೆಲ್ಮಾರದ ಗೋಲ್‌ಕೀಪರ್ ಚೆಂಡು ತಡೆದಿದ್ದ!

ತೊಂಬತ್ತು ದಾಟಿದ ಮೇವಿಸ್ ಎನ್ನುವ ಅಜ್ಜಿ, ಫುಟ್‌ಬಾಲ್ ಎಂದರೆ ಮೂಗು ಮುರಿಯುತ್ತಿದ್ದವಳು, ಚಮಚದಿಂದ ಪಾತ್ರೆ ಬಾರಿಸತೊಡಗಿದಳು. ಕರೆಂಟಿಲ್ಲದ ಆ ಹಾಲ್‌ನಲ್ಲಿ, ಆ ಮಳೆಯಲ್ಲಿ, ನಾವು ಹತ್ತು ಜನ ಭೂಮಿಯ ಇನ್ನೊಂದು ಮಗ್ಗುಲಿನ ಊರಿನ ಜೊತೆ ಕೂಗಿದ ಕೂಗು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಸೆಮಿಫೈನಲ್‌ನಲ್ಲಿ ಸೋತರು. ಇಂಗ್ಲೆಂಡಿನ ಭಾರೀ ತಂಡ, ಭಾರೀ ಮೈದಾನ. ಬೆಲ್ಮಾರ ಊರಿನವರೆಲ್ಲ ಹೋಗಿ ಕೂತರೂ ಒಂದು ಮೂಲೆ ತುಂಬುತ್ತಿರಲಿಲ್ಲ ಎಂದಳು ಸ್ಟೆಲ್ಲಾ. ಈಗ ಉಳಿದದ್ದು ಲೀಗಿನ ಕೊನೆಯ ಪಂದ್ಯ. ಗೆದ್ದರೆ ಮೊದಲ ದರ್ಜೆಯಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ. ಮೇ ತಿಂಗಳ ಭಾನುವಾರ, ಬೆಳಿಗ್ಗೆ ಐದಕ್ಕೆ. ಹಿಂದಿನ ದಿನ ಸಂಜೆ ಎಲೆನಾ ಅಡಿಲೇಡ್‌ನಿಂದ ಬಂದಿಳಿದಳು.

ಅರವತ್ತರ ಹತ್ತಿರದ ಹೆಂಗಸು, ಕತ್ತರಿಸಿದ ನರೆಗೂದಲು, ಅಪ್ಪನದೇ ದವಡೆ. ಹಾಡು ಕೇಳಿದ ದಿನದಿಂದ ವಾರವಾರ ಫೋನ್ ಮಾಡುತ್ತಿದ್ದಳು, ಆದರೆ ಪಂದ್ಯ ಎಂದರೆ ಮಾತು ಬದಲಿಸುತ್ತಿದ್ದಳು. ಆ ಬೆಳಿಗ್ಗೆ ಟೀ ಮಾಡಲು ಬಂದಾಗ ನನಗೆ ಹೇಳಿದಳು.

“ನಂಗೆ ಈ ಆಟ ಕಂಡರೆ ಆಗ್ತಿರಲಿಲ್ಲ. ಕಬ್ಬಿನ ಕಾಲದಲ್ಲಿ ಅಪ್ಪ ಆರು ತಿಂಗಳು ಮನೇಲೇ ಇರ್ತಿರಲಿಲ್ಲ. ಬಂದಾಗ, ಕಬ್ಬು ಸುಟ್ಟ ಮಸಿ ಮೈಮೇಲಿಂದ ಇನ್ನೂ ಹೋಗಿರಲ್ಲ, ಬೆಳಗಾಗೋ ಮೊದಲೇ ರೇಡಿಯೊ ಹಿಡಕೊಂಡು ಗುಡ್ಡ ಹತ್ತೋರು. ಸಿಗ್ನಲ್ ಅಲ್ಲೇ ಸಿಗೋದು. ನಾನು ಕಿಟಕಿಯಿಂದ ನೋಡ್ತಾ ಇರ್ತಿದ್ದೆ. ನನ್ನನ್ನ ಒಂದು ದಿನಾನೂ ಕರೀಲಿಲ್ಲ.”

“ನೀವು ಕೇಳಿದ್ರಾ?” ಎಂದೆ. ಕೇಳಬಾರದಿತ್ತೇನೋ.

ಅವಳು ಟೀಗೆ ಸಕ್ಕರೆ ಹಾಕಿ ಕದಡಿದಳು. “ಇಲ್ಲ,” ಎಂದಳು.

ಬಂದು ಅಪ್ಪನ ಬಲಗಡೆ ಕೂತಳು. ಬೆಲ್ಮಾರ ಮೊದಲು ಗೋಲು ಹೊಡೆಯಿತು. ಎಲ್ಲ ಸರಿಹೋಯಿತು ಎಂದುಕೊಂಡೆ. ಕೊನೆಯ ಹತ್ತು ನಿಮಿಷದಲ್ಲಿ ಎದುರಾಳಿ ಸಮ ಮಾಡಿತು. ಆಮೇಲೆ ಹಸಿರಂಗಿಯವರು ಆಡಿದ್ದನ್ನು ನಾನು ಮರೆಯಲಾರೆ. ಕಾಲು ಸೆಳೆತ ಬಂದು ಬೀಳುವರು, ಏಳುವರು, ಮತ್ತೆ ಓಡುವರು. ಚೆಂಡು ಗೋಲಿನ ಕಂಬಕ್ಕೆ ಬಡಿದು ವಾಪಸ್ ಬಂತು. ರೆಫ್ರಿ ಸೀಟಿ ಊದಿದ. ಮುಗಿದೇಹೋಯಿತು. ಯುರೋಪಿನ ಸೆಮಿಫೈನಲ್ ಆಡಿದ ತಂಡ ಅದೇ ತಿಂಗಳು ಎರಡನೇ ದರ್ಜೆಗೆ ಇಳಿಯಿತು.

ಆಟಗಾರರು ಹುಲ್ಲಿನ ಮೇಲೆ ಬಿದ್ದಿದ್ದರು. ಈಗ ಜನ ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡೆ. ಒಬ್ಬರೂ ಕದಲಲಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಚಪ್ಪಾಳೆ ಶುರುವಾಗಿ, ಸುತ್ತ ಹರಡಿ, ಮೈದಾನವೆಲ್ಲ ಚಪ್ಪಾಳೆಯಾಯಿತು. ನಿಮಿಷಗಟ್ಟಲೆ, ನಿಲ್ಲದೆ. ಬಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಮಟೇಯೊ ತಾತನೂ ಚಪ್ಪಾಳೆ ತಟ್ಟಲು ಎಡಗೈ ಎತ್ತಿದರು. ಬಲಗೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು. ಎತ್ತಿದ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಎಲೆನಾ ಅದನ್ನು ನೋಡಿ ತನ್ನ ಅಂಗೈ ಅವರ ಮುಂದೆ ಹಿಡಿದಳು. ಅವರು ಆ ಕೈಗೆ ತಟ್ಟಿದರು. ಮತ್ತೆ ತಟ್ಟಿದರು. ಅಪ್ಪನ ಒಂದು ಕೈ, ಮಗಳ ಒಂದು ಕೈ, ಟಿವಿಯಲ್ಲಿ ಚಪ್ಪಾಳೆ ನಿಲ್ಲುವವರೆಗೂ ನಿಲ್ಲಿಸಲಿಲ್ಲ. ನಾನು ಟೀ ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟೆ.

ಜೂನ್‌ನಲ್ಲಿ ಎಲೆನಾ ಅಪ್ಪನನ್ನು ಅಡಿಲೇಡ್‌ಗೆ ತನ್ನ ಮನೆಗೇ ಕರೆದುಕೊಂಡು ಹೋದಳು. ಜುಲೈ ಕೊನೆಗೆ ನನಗೆ ಅವಳ ಫೋನ್ ಬಂತು.

“ಬೆಲ್ಮಾರದಿಂದ ಪತ್ರ ಬಂದಿದೆ, ಚೈತ್ರಾ. ಅಪ್ಪ ಹುಟ್ಟಿದ ವಾರವೇ ನಮ್ಮಜ್ಜ ಅವರನ್ನ ಕ್ಲಬ್ಬಿನ ಸದಸ್ಯ ಮಾಡಿಸಿದ್ದರಂತೆ. ಅಲ್ಲಿ ಹಳಬರು ತೀರಿಕೊಂಡ ಹಾಗೆ ಉಳಿದವರ ನಂಬರ್ ಮೇಲೆ ಬರ್ತಾ ಹೋಗುತ್ತೆ. ಈಗ ಅಪ್ಪ ಒಂದನೇ ನಂಬರಿನ ಸದಸ್ಯ. ಹತ್ತೊಂಬತ್ತನೇ ವಯಸ್ಸಿಗೆ ಊರು ಬಿಟ್ಟವರು, ಒಂದು ವರ್ಷಾನೂ ಸದಸ್ಯತ್ವ ಬಿಟ್ಟಿಲ್ಲ. ಹೊಸ ಋತುವಿನ ಮೊದಲ ಪಂದ್ಯಕ್ಕೆ ಬಂದು ಗೌರವದ ಮೊದಲ ಒದೆತ ಒದೀಬೇಕು ಅಂತ ಕರೆದಿದಾರೆ. ಡಾಕ್ಟರ್ ವಿಮಾನ ಬೇಡ ಅಂದರು.”

“ಮತ್ತೆ?”

“ಅಪ್ಪ ನನ್ನ ಕಡೆ ಬೆರಳು ತೋರಿಸಿದರು.”

ಅವಳು ಅಪ್ಪನ ಪರವಾಗಿ ಬೆಲ್ಮಾರಕ್ಕೆ ಹೋಗಿ ಬರುವವರೆಗೆ ತಾತನ ಜೊತೆ ಇರಲು ನಾನು ಒಂದು ವಾರ ಅಡಿಲೇಡ್‌ಗೆ ಹೋದೆ. ಆಗಸ್ಟಿನ ಚಳಿ, ಬೆಳಗಿನ ಐದು. ಹೀಟರ್ ಹಾಕಿ, ಇಬ್ಬರೂ ಒಂದೇ ಕಂಬಳಿ ಹೊದ್ದು, ಟ್ಯಾಬ್ಲೆಟ್ ಎದುರಿಗಿಟ್ಟುಕೊಂಡು ಕೂತೆವು. ಎಲೆನಾ ವೀಡಿಯೊ ಕಾಲ್ ಮಾಡಿ ಫೋನನ್ನು ಕ್ಲಬ್ಬಿನ ಹುಡುಗಿಯೊಬ್ಬಳ ಕೈಗೆ ಕೊಟ್ಟಿದ್ದಳು. ಆ ಗ್ಯಾಲರಿ, ಅದರ ಹಿಂದೆ ದೋಣಿಗಳ ಕಂಬಗಳು. ಎರಡನೇ ದರ್ಜೆಯ ಪಂದ್ಯಕ್ಕೂ ಒಂದು ಸೀಟೂ ಖಾಲಿ ಇರಲಿಲ್ಲ. ಧ್ವನಿವರ್ಧಕದಲ್ಲಿ ಮಟೇಯೊ ತಾತನ ಹೆಸರು ಕೂಗಿದರು. ಇಡೀ ಮೈದಾನ ಎದ್ದು ನಿಂತಿತು. ಆ ಜನರಲ್ಲಿ ಒಬ್ಬರೂ ಈ ಮನುಷ್ಯನ ಮುಖ ನೋಡಿದವರಲ್ಲ.

ಎಲೆನಾ ದೊಡ್ಡದಾದ ಹಸಿರಂಗಿ ತೊಟ್ಟು ನಡುಮೈದಾನಕ್ಕೆ ನಡೆದಳು. ಚೆಂಡಿನ ಮುಂದೆ ನಿಂತು ಒಂದು ಸಲ ಕ್ಯಾಮೆರಾ ಕಡೆ ನೋಡಿದಳು. ಆಮೇಲೆ ಒದ್ದಳು. ಚೆಂಡು ಓರೆಯಾಗಿ ನಾಲ್ಕು ಮಾರು ಉರುಳಿ ನಿಂತಿತು. ತಾತ ತಲೆ ಅಲ್ಲಾಡಿಸಿದರು, ಕಾಲು ಸರಿಯಾಗಿ ಇಟ್ಟಿಲ್ಲ ಎನ್ನುವ ಹಾಗೆ. ಆದರೆ ಅವರು ನೋಡುತ್ತಿದ್ದದ್ದು ಆ ಹುಲ್ಲನ್ನಲ್ಲ, ಗ್ಯಾಲರಿಯನ್ನಲ್ಲ. ಮಗಳು ಗೆರೆಯಾಚೆ ನಡೆದು ಬರುವವರೆಗೂ ಅವಳನ್ನೇ ನೋಡುತ್ತಿದ್ದರು.

ಪಂದ್ಯ ಶುರುವಾಗುವ ಮೊದಲು ಅವಳು ಏದುಸಿರು ಬಿಡುತ್ತಾ ಫೋನ್ ತೆಗೆದುಕೊಂಡಳು. “ಅಪ್ಪಾ, ಇದು ನೋಡಿ,” ಎಂದು ಜೇಬಿನಿಂದ ಒಂದು ಕಾರ್ಡ್ ತೆಗೆದು ತೋರಿಸಿದಳು. ಹಿಂದಿನ ದಿನವೇ ಕ್ಲಬ್ಬಿನ ಕಚೇರಿಗೆ ಹೋಗಿ ತಾನೂ ಸದಸ್ಯಳಾಗಿದ್ದಳು. ಅದರ ಮೇಲೆ ಉದ್ದದ ಒಂದು ನಂಬರ್. ಪಟ್ಟಿಯ ಮೊದಲನೆಯ ಹೆಸರು ಅಪ್ಪನದು, ಕಟ್ಟಕಡೆಯದು ಮಗಳದು. ಮಟೇಯೊ ತಾತ ಪರದೆಯಲ್ಲಿ ಕಂಡ ಕಾರ್ಡಿನ ಅಂಕೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ನಾನು ನೀರು ತರಲು ಎದ್ದರೆ ಕಂಬಳಿ ಹಿಡಿದು ಎಳೆದು ಕೂರಿಸಿದರು. ಆಟ ಶುರುವಾಗಿತ್ತು.